ಕಲ್ಲುಗೌಜಲಕ್ಕೆ ನೀರಿನ ದಂಡೆ ಮಾಡುವುದು ಹೇಗೆ

ಬೇಸಿಗೆ ಬಂತೆಂದರೆ ಬಹಳ ಜನ ಮಣ್ಣಿನ ತಟ್ಟೆ ತಂದು ಬೇವಿನ ಕೊಂಬೆಗೆ ಕಟ್ಟಿ ನೀರು ಹಾಕುತ್ತಾರೆ. ಗುಬ್ಬಿಗೂ ಪಿಕಳಾರಕ್ಕೂ ಅದು ಸಾಕು. ಕಲ್ಲುಗೌಜಲ ಅದರ ಹತ್ತಿರವೂ ಸುಳಿಯುವುದಿಲ್ಲ. ಅದು ಮರದ ಮೇಲೆ ಕೂರುವ ಹಕ್ಕಿಯೇ ಅಲ್ಲ. ಹುಟ್ಟುವುದು ನೆಲದ ಮೇಲೆ, ಮೇಯುವುದು ನೆಲದ ಮೇಲೆ, ರಾತ್ರಿ ಮಲಗುವುದೂ ಬಟಾಬಯಲಿನ ನೆಲದ ಮೇಲೆಯೇ. ಅದಕ್ಕೆ ಬೇಕಾದದ್ದು ನಡೆದುಕೊಂಡು ಹೋಗಿ ಕೊಕ್ಕು ತಾಗಿಸಬಹುದಾದ, ಇಳಿಜಾರಾದ, ಸುತ್ತ ನಾಲ್ಕು ದಿಕ್ಕೂ ಕಾಣುವ ದಂಡೆ. ಅಂಥದ್ದೊಂದನ್ನು ಹೊಲದಲ್ಲಿ ಹೇಗೆ ಮಾಡಬೇಕೆಂದು ಹೇಳುತ್ತೇನೆ. ಹಣ ಹೆಚ್ಚು ಬೇಡ, ಎರಡು ದಿನದ ಮೈದುಡಿಮೆ ಸಾಕು. ನಮ್ಮದು ಕುಷ್ಟಗಿ ತಾಲ್ಲೂಕು, ತಾವರಗೇರಾ ಕಡೆಯ ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿ, ಆರು ಎಕರೆ. ಸಜ್ಜೆ, ತೊಗರಿ, ಮಡಿಕೆ ಬೆಳೆಯುತ್ತೇವೆ. ನಾನು ಹೇಳುವುದೆಲ್ಲ ಈ ನೆಲದಲ್ಲಿ ಮಾಡಿ ನೋಡಿದ್ದು.

ಹೆಸರಿನ ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. ಕಲ್ಲುಗೌಜಲ ಎಂದು ಕರೆಯುತ್ತಿದ್ದವರು ನಮ್ಮ ಅತ್ತೆ, ಹಾಗಾಗಿ ನಮ್ಮ ಮನೆಯಲ್ಲಿ ಅದೇ ಹೆಸರು. ರಾಯಚೂರಿನಲ್ಲಿ ಕೃಷಿ ಓದುತ್ತಿರುವ ಮಗಳು ಇದನ್ನು ಸ್ಯಾಂಡ್‌ಗ್ರೌಸ್ ಎನ್ನುತ್ತಾಳೆ. ಬೇಲಿಯ ಸಂದಿಯಲ್ಲಿ ಓಡಾಡುತ್ತಾ ಬೆಳಗ್ಗೆ ಗಟ್ಟಿಯಾಗಿ ಕೂಗುವ ಸಾಮಾನ್ಯ ಗೌಜಲ ಬೇರೆ, ಇದು ಬೇರೆ. ಸಾಮಾನ್ಯ ಗೌಜಲ ಕಾಲುದ್ದದ ಹಕ್ಕಿ, ಹೆದರಿದರೆ ಓಡುತ್ತದೆ. ಇದರ ಕಾಲು ಎಷ್ಟು ಗಿಡ್ಡವೆಂದರೆ ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗಿದಂತೆ ಕಾಣುತ್ತದೆ. ಗಾತ್ರ ಪಾರಿವಾಳದಷ್ಟು, ರೆಕ್ಕೆ ಉದ್ದ ಮತ್ತು ಚೂಪು, ಬಾಲದ ನಡುವಿನ ಗರಿ ಸೂಜಿಯಂತೆ ಹೊರಚಾಚಿರುತ್ತದೆ. ಗಂಡಿನ ಮೈ ಮರಳಿನ ಬಣ್ಣ, ಎದೆಗೆ ಅಡ್ಡಲಾಗಿ ಕಪ್ಪು ದಾರ ಕಟ್ಟಿದಂಥ ಒಂದು ಗೆರೆ, ಹೊಟ್ಟೆ ಕಡುಗಂದು. ಹೆಣ್ಣಿನ ಮೈತುಂಬ ಒಣಹುಲ್ಲು, ಗರಸು, ನೆರಳು ಎಲ್ಲವನ್ನೂ ಬೆರೆಸಿ ಬರೆದಂತೆ ಗೆರೆ ಮತ್ತು ಚುಕ್ಕೆ. ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದರೂ ಅದು ಕಣ್ಣು ಮಿಟುಕಿಸುವ ತನಕ ನಿಮಗೆ ಕಾಣುವುದಿಲ್ಲ.

ಇದು ನಮ್ಮೂರಿನ ಹಕ್ಕಿ ಮಾತ್ರವೇ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಇದೇ ಹಕ್ಕಿ ಆಫ್ರಿಕಾದಲ್ಲಿ ಸೆನೆಗಲ್‌ನಿಂದ ಸೊಮಾಲಿಯಾದವರೆಗೆ, ಕೆಳಗೆ ತಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನವರೆಗೂ ಇದೆಯೆಂದು ಮಗಳು ತೋರಿಸಿದಳು. ಅಲ್ಲಿ ಜಿಂಕೆ, ಸಿಂಹಗಳ ನಡುವೆ ನೀರಿಗಿಳಿಯುವ ಹಕ್ಕಿಯೇ ಇಲ್ಲಿ ನಮ್ಮ ಕುರಿ ಹಿಂಡಿನ ನಡುವೆ ಇಳಿಯುತ್ತದೆ. ಎರಡೂ ಕಡೆ ಅದರ ಕಷ್ಟ ಒಂದೇ. ತಿನ್ನುವುದೆಲ್ಲ ಒಣಗಿದ ಸಣ್ಣ ಕಾಳು, ಹುಲ್ಲಿನ ಬೀಜ, ಕಳೆಯ ಬೀಜ. ಅದರಲ್ಲಿ ನೀರಿನ ಪಸೆಯೇ ಇರುವುದಿಲ್ಲ. ಹುಳ ತಿನ್ನುವ ಹಕ್ಕಿಗೆ ಹುಳದಲ್ಲಿಯೇ ಅಷ್ಟಿಷ್ಟು ನೀರು ಸಿಗುತ್ತದೆ, ಇದಕ್ಕೆ ಆ ಭಾಗ್ಯವಿಲ್ಲ. ಅದಕ್ಕೇ ಎಷ್ಟು ದೂರವಾದರೂ ಹಾರಿ ಹೋಗಿ ಕುಡಿದೇ ತೀರಬೇಕು.

ನಾನು ಮೊದಲ ಸಲ ಮಾಡಿದ್ದು ಸಿಮೆಂಟ್ ತೊಟ್ಟಿ. ಎರಡು ಅಡಿ ಆಳ, ನಾಲ್ಕು ಕಡೆ ನೆಟ್ಟಗಿನ ಗೋಡೆ, ಬಾಯಿಯ ತನಕ ನೀರು. ಎಮ್ಮೆಗೂ ಆಗುತ್ತದೆ, ಹಕ್ಕಿಗೂ ಆಗುತ್ತದೆ ಎಂದುಕೊಂಡಿದ್ದೆ. ಕಲ್ಲುಗೌಜಲದ ಹಿಂಡು ಎರಡು ದಿನ ಮೇಲೆ ಸುತ್ತು ಹೊಡೆದು ಕೂಗಿ ಹೊರಟುಹೋಯಿತು. ಮೂರನೆಯ ದಿನ ತೊಟ್ಟಿಯಲ್ಲಿ ಸಾಮಾನ್ಯ ಗೌಜಲದ ಎರಡು ಮರಿ ಸತ್ತು ತೇಲುತ್ತಿದ್ದವು. ಗೋಡೆ ಹತ್ತಲಾಗದೆ ಮುಳುಗಿದ್ದವು. ಆ ಎರಡು ಮರಿಗಳನ್ನು ಎತ್ತಿ ಒಡ್ಡಿನ ಮೇಲಿಟ್ಟ ನೆನಪು ನನಗೆ ಈಗಲೂ ಇದೆ. ಕೃಷಿ ಹೊಂಡಗಳ ಕಥೆಯೂ ಇದೇ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ನಮ್ಮ ಒಣಭೂಮಿಯಲ್ಲಿ ಬಹಳ ಹೊಂಡಗಳಾದವು. ಬೆಳೆ ಉಳಿಸಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಯಾವ ಪ್ರಾಣಿಯ ಕಾಲೂ ನಿಲ್ಲುವುದಿಲ್ಲ. ನಿಮ್ಮಲ್ಲಿ ಅಂಥ ಹೊಂಡವಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಹಳೆಯ ಗೋಣಿಚೀಲಗಳನ್ನು ಉದ್ದಕ್ಕೆ ಹೊಲಿದು, ಒಂದು ತುದಿಯನ್ನು ಮೇಲೆ ಗೂಟಕ್ಕೆ ಬಿಗಿದು, ಇನ್ನೊಂದನ್ನು ನೀರಿನೊಳಗೆ ಇಳಿಬಿಡಿ. ಬಿದ್ದ ಮುಂಗುಸಿ, ಓತಿಕ್ಯಾತ, ಮರಿಹಕ್ಕಿ ಅದನ್ನು ಹಿಡಿದು ಹತ್ತಿ ಬರುತ್ತವೆ. ಕುಡಿಯುವ ದಂಡೆಯನ್ನು ಮಾತ್ರ ಬೇರೆಯಾಗಿಯೇ ಮಾಡಬೇಕು.

ಜಾಗ ಆರಿಸುವುದರಲ್ಲಿಯೇ ಅರ್ಧ ಕೆಲಸವಿದೆ. ಹೊಲದಲ್ಲಿ ಎಲ್ಲಕ್ಕಿಂತ ಬೋಳಾದ, ಎತ್ತರವೂ ಅಲ್ಲದ ತಗ್ಗೂ ಅಲ್ಲದ ಜಾಗ ನೋಡಿ. ನೆರಳಿರಲಿ ಎಂಬ ಆಸೆ ಬಿಡಿ. ಮರವಿದ್ದರೆ ಅದರ ಮೇಲೆ ಡೇಗೆ ಬಂದು ಕೂರುತ್ತದೆ, ಪೊದೆಯಿದ್ದರೆ ಅದರ ಹಿಂದೆ ನಾಯಿಯೋ ಕಾಡುಬೆಕ್ಕೋ ಹೊಂಚುತ್ತದೆ. ದಂಡೆಯಿಂದ ಸುತ್ತಲೂ ಮೂವತ್ತು ಹೆಜ್ಜೆಯವರೆಗೆ ಮೊಣಕಾಲಿಗಿಂತ ಎತ್ತರದ್ದು ಏನೂ ಇರಬಾರದು. ನಮ್ಮ ಕಡೆ ಇದಕ್ಕೆ ದೊಡ್ಡ ಅಡ್ಡಿ ಬಳ್ಳಾರಿ ಜಾಲಿ. ಬಯಲನ್ನೆಲ್ಲ ಅದು ನುಂಗುತ್ತಿದೆ. ಹತ್ತು ವರ್ಷದ ಹಿಂದೆ ಕುರಿ ಮೇಯುತ್ತಿದ್ದ ಗಾಯರಾಣದಲ್ಲಿ ಈಗ ಮುಳ್ಳಿನ ನಡುವೆ ದಾರಿ ಹುಡುಕಬೇಕಾಗಿದೆ. ಬಯಲೇ ಮನೆಯಾದ ಹಕ್ಕಿಗೆ ಮುಳ್ಳಿನ ಕಾಡು ಬೆಳೆದರೂ ಮನೆ ಹೋದಂತೆಯೇ. ಜಾಲಿಯನ್ನು ಬುಡಕ್ಕೆ ಕಡಿದರೆ ಸಾಲದು, ಮತ್ತೆ ಚಿಗುರುತ್ತದೆ. ಸಣ್ಣ ಗಿಡವಿರುವಾಗಲೇ ಬೇರು ಸಮೇತ ಅಗೆದು ತೆಗೆಯಿರಿ. ವಿದ್ಯುತ್ ತಂತಿ ಹಾದುಹೋಗುವ ಜಾಗವೂ ಬೇಡ. ಈ ಹಕ್ಕಿ ಕಲ್ಲು ಎಸೆದಂತೆ ವೇಗವಾಗಿ ಬರುತ್ತದೆ, ತಂತಿ ಕಾಣದೆ ಬಡಿಯಬಹುದು.

ಜನವರಿ ಹೊತ್ತಿಗೆ ನಡೆಯುವ ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿ ಬಂದ ಮೇಲೆ ನಾನು ಗುದ್ದಲಿ ಹಿಡಿಯುತ್ತೇನೆ. ಆ ಹೊತ್ತಿಗೆ ಕಟಾವು ಹೆಚ್ಚುಕಡಿಮೆ ಮುಗಿದಿರುತ್ತದೆ, ಹಳ್ಳದ ಕೊನೆಯ ಗುಂಡಿಗಳು ಬತ್ತತೊಡಗಿರುತ್ತವೆ. ಎಂಟು ಅಡಿ ಉದ್ದ, ಆರು ಅಡಿ ಅಗಲ ಗುರುತು ಹಾಕಿಕೊಳ್ಳಿ. ನಡುವಿನಲ್ಲಿ ಒಂದು ಗೇಣಿಗಿಂತ ಆಳ ಬೇಡ. ಅಂಚಿನಿಂದ ನಡುವಿಗೆ ಇಳಿಜಾರು ಎಷ್ಟು ನಿಧಾನವಾಗಿರಬೇಕೆಂದರೆ, ನೀರು ತುಂಬಿದ ಮೇಲೆ ಎಲ್ಲಿ ನೆಲ ಮುಗಿದು ನೀರು ಶುರುವಾಯಿತೆಂದು ಬೆರಳಿಟ್ಟು ಹೇಳಲಾಗಬಾರದು. ಊಟದ ತಟ್ಟೆಯಂತಲ್ಲ, ರೊಟ್ಟಿಯ ಹಂಚಿನಂತೆ. ಇದರ ಮೇಲೆ ನಾಲ್ಕು ಬೆರಳು ದಪ್ಪ ಮಣ್ಣು ಬೀಳುವುದರಿಂದ ಅಗೆಯುವಾಗ ಅಷ್ಟು ಹೆಚ್ಚು ಅಗೆದುಕೊಳ್ಳಿ.

ಮಸಾರಿ ನೀರನ್ನು ಹಿಡಿಯುವುದಿಲ್ಲ, ಹಾಕಿದಷ್ಟೂ ಕುಡಿಯುತ್ತದೆ. ಪ್ಲಾಸ್ಟಿಕ್ ಹಾಸುವ ಆಸೆ ಆಗುತ್ತದೆ, ಹಾಸಬೇಡಿ. ಬಿಸಿಲಿಗೆ ಅದು ಹಪ್ಪಳವಾಗಿ ಒಡೆದು ಚೂರು ಚೂರಾಗಿ ಹೊಲದ ತುಂಬ ಹಾರುತ್ತದೆ. ಕೆರೆಯ ಹೂಳು ಅಥವಾ ಎರೆಮಣ್ಣು ಒಂದು ಟ್ರ್ಯಾಕ್ಟರ್ ಟ್ರಾಲಿಯ ಕಾಲು ಭಾಗ ತಂದರೆ ಸಾಕು. ಹೆಂಟೆ ಒಡೆದು, ನೀರು ಚಿಮುಕಿಸಿ, ರೊಟ್ಟಿ ಹಿಟ್ಟಿನ ಹದಕ್ಕೆ ತಂದು ನಾಲ್ಕು ಬೆರಳು ದಪ್ಪ ಹರಡಿ. ಆಮೇಲೆ ತುಳಿಸಬೇಕು. ನಾವು ಕುರಿಗಳನ್ನು ಒಂದು ಗಂಟೆ ಅದರ ಮೇಲೆ ಅತ್ತಿತ್ತ ಓಡಾಡಿಸುತ್ತೇವೆ. ಸಣ್ಣ ಗೊರಸು ಎಲ್ಲ ಮೂಲೆಗೂ ಬೀಳುವುದರಿಂದ ಮಣ್ಣು ಕಲ್ಲಿನಂತೆ ಕೂರುತ್ತದೆ. ಕುರಿ ಇಲ್ಲದವರು ಮನೆಮಂದಿಯೆಲ್ಲ ಸೇರಿ ಬರಿಗಾಲಲ್ಲಿ ತುಳಿದರೂ ಆಗುತ್ತದೆ. ಕೊನೆಗೆ ಎರಡು ಬುಟ್ಟಿ ಸಣ್ಣ ಗರಸನ್ನು ತೆಳ್ಳಗೆ ಚೆಲ್ಲಿ ಒತ್ತಿಬಿಡಿ. ಬರೀ ಎರೆಮಣ್ಣು ಜಾರುತ್ತದೆ, ಗಿಡ್ಡ ಕಾಲಿಗೆ ಅಂಟುತ್ತದೆ. ಗರಸು ಇದ್ದರೆ ಕಾಲು ನಿಲ್ಲುತ್ತದೆ, ಹಕ್ಕಿಯ ಬಣ್ಣವೂ ನೆಲದ ಬಣ್ಣವೂ ಒಂದಾಗುತ್ತದೆ. ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಹಾಗಾಗಿ ಒಮ್ಮೆ ತುಂಬಿದ ಮೇಲೆ ಮಳೆಗಾಲದವರೆಗೂ ಪೂರ್ತಿ ಬತ್ತಲು ಬಿಡಬೇಡಿ.

ಇನ್ನೊಂದು ಸಣ್ಣ ಸಂಗತಿ ಇದೆ, ಅದನ್ನು ಯಾರೂ ನನಗೆ ಹೇಳಿರಲಿಲ್ಲ. ನೀರಿನ ಒಂದು ಬದಿಯಲ್ಲಿ ಎರಡು ಮಾರು ಉದ್ದಕ್ಕೆ ಹಳ್ಳದ ಒಣ ಮರಳನ್ನು ಹಾಸಿ, ಅದು ಯಾವಾಗಲೂ ಒಣಗಿಯೇ ಇರುವಂತೆ ನೋಡಿಕೊಳ್ಳಿ. ಗಂಡುಹಕ್ಕಿ ನೀರಿಗಿಳಿಯುವ ಮೊದಲು ಒಣಮಣ್ಣಿನಲ್ಲಿ ಹೊಟ್ಟೆ ಉಜ್ಜಿಕೊಳ್ಳುತ್ತದೆ. ಗರಿಗೆ ಹಚ್ಚಿಕೊಂಡ ಎಣ್ಣೆಯ ಪಸೆ ಹೋಗಲಿ ಎಂದು. ಏಕೆಂದು ಮುಂದೆ ಹೇಳುತ್ತೇನೆ.

ಮೊದಲ ಸಲ ತುಂಬಲು ನಮಗೆ ಹನ್ನೆರಡು ಕೊಡ ನೀರು ಹಿಡಿಯಿತು. ಆಮೇಲೆ ದಿನಕ್ಕೆ ಮೂರು ಕೊಡ, ಯುಗಾದಿ ಕಳೆದು ಬಿಸಿಲು ಏರಿದಾಗ ನಾಲ್ಕು. ನೀರು ಹಾಕುವುದನ್ನು ಸಂಜೆಗೇ ಮುಗಿಸಬೇಕು. ಬೆಳಗ್ಗೆ ಕೊಡ ಹೊತ್ತು ಹೋಗಿ ನಿಂತರೆ ದೂರದಿಂದ ಬಂದ ಹಿಂಡು ನಿಮ್ಮನ್ನು ಕಂಡು ಕುಡಿಯದೆ ತಿರುಗುತ್ತದೆ. ಮೊದಲ ಹತ್ತು ದಿನ ಒಂದೂ ಹಕ್ಕಿ ಬಾರದಿದ್ದರೂ ಹಾಕುತ್ತಿರಿ. ನಮ್ಮಲ್ಲಿ ಮೊದಲು ಬಂದದ್ದು ಬೆಳವ, ಆಮೇಲೆ ನೆಲಗುಬ್ಬಿ, ಹದಿನೇಳನೆಯ ದಿನ ಮೂರು ಕಲ್ಲುಗೌಜಲ. ಒಮ್ಮೆ ರೂಢಿಯಾದ ಮೇಲೆ ನೀವು ನಡುವೇಸಿಗೆಯಲ್ಲಿ ನಿಲ್ಲಿಸಕೂಡದು. ಆ ನೀರನ್ನು ನಂಬಿ ಹತ್ತಿರದಲ್ಲಿ ಮೊಟ್ಟೆ ಇಟ್ಟಿರುತ್ತವೆ. ನಾಲ್ಕು ಕೊಡ ನೀರನ್ನು ಮೇ ತಿಂಗಳಲ್ಲಿ ದಿನವೂ ಕೊಡಲಾಗದೆಂದು ಅನ್ನಿಸಿದರೆ ಶುರು ಮಾಡದಿರುವುದೇ ಒಳ್ಳೆಯದು.

ನೋಡುವ ಆಸೆ ಇದ್ದವರು ಸೂರ್ಯ ಹುಟ್ಟುವಷ್ಟರಲ್ಲಿ ಹೋಗಿ ಕೂತಿರಬೇಕು. ಐವತ್ತು ಹೆಜ್ಜೆ ದೂರ, ಒಡ್ಡಿನ ಮರೆಯಲ್ಲಿ, ಬಿಸಿಲು ಬೆನ್ನಿಗೆ ಬೀಳುವ ಕಡೆ. ಬಿಳಿ ಬಟ್ಟೆ ಬೇಡ, ನಾನು ಮಣ್ಣಿನ ಬಣ್ಣದ ಹಳೆಯ ಕಂಬಳಿ ಹೊದ್ದು ಕೂರುತ್ತೇನೆ. ಹೊತ್ತು ಹುಟ್ಟಿ ಎರಡು ಗಂಟೆಯಾದ ಮೇಲೆ ಬರುತ್ತವೆ, ಅದಕ್ಕಿಂತ ಮೊದಲು ಮೇಯುತ್ತಿರುತ್ತವೆ. ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಎತ್ತರದಲ್ಲಿ ‘ಕುಟ್‌ರೊ, ಕುಟ್‌ರೊ’ ಎಂದು ಎರಡು ತುಂಡಾಗಿ ಕೇಳುತ್ತದೆ. ನೇರವಾಗಿ ನೀರಿನ ಬಾಯಿಗೇ ಇಳಿಯುವುದು ಕಡಿಮೆ. ಸ್ವಲ್ಪ ದೂರದಲ್ಲಿ ಇಳಿದು ಕಲ್ಲಾಗಿ ಕೂತುಬಿಡುತ್ತವೆ. ಆಗ ಕೆಮ್ಮಿದರೂ ಕೆಟ್ಟಿತು. ಧೈರ್ಯ ಬಂದ ಮೇಲೆ ಸಾಲಾಗಿ ಗಿಡ್ಡ ಹೆಜ್ಜೆ ಹಾಕಿ ಬಂದು, ಕೊಕ್ಕಿಟ್ಟು ಒಂದು ಗುಟುಕು ಎಳೆದು, ತಲೆ ಎತ್ತಿ ನುಂಗಿ, ಮತ್ತೆ ಬಗ್ಗುತ್ತವೆ. ಹತ್ತಾರು ಗುಟುಕು, ಕೆಲವೇ ಕ್ಷಣ, ಎಲ್ಲವೂ ಒಟ್ಟಿಗೆ ಎದ್ದು ಹೋದವು. ಇಡೀ ದಿನದ ನೀರು ಅಷ್ಟೇ. ಆ ಹೊತ್ತನ್ನು ಒಂದು ನಾಯಿ ಕೆಡಿಸಿದರೂ ಬಿರುಬಿಸಿಲಿನಲ್ಲಿ ಅವು ಬಾಯಾರಿ ಹೋಗಬೇಕು. ನಾನು ನಾಯಿಯನ್ನು ಬೆಳಗ್ಗೆ ಹತ್ತರವರೆಗೆ ಮನೆಯಲ್ಲಿ ಕಟ್ಟಿಹಾಕುವುದು ಅದಕ್ಕೇ.

ಎಲ್ಲವೂ ಹಾರಿಹೋದ ಮೇಲೂ ಒಂದು ಗಂಡು ಉಳಿದರೆ ಉಸಿರು ಬಿಗಿಹಿಡಿದು ನೋಡಿ. ಅದು ನೀರಿನೊಳಗೆ ನಡೆದು, ಹೊಟ್ಟೆ ಮುಳುಗುವಷ್ಟು ಕೂತು, ಮೈಯನ್ನು ಮೇಲೆ ಕೆಳಗೆ ಅಲುಗಾಡಿಸುತ್ತದೆ. ನಾನು ಮೊದಲು ನೋಡಿದಾಗ ಅದಕ್ಕೆ ಗಾಯವಾಗಿದೆ ಎಂದುಕೊಂಡು ಎದ್ದು ಓಡುವವಳಿದ್ದೆ. ಪಕ್ಕದಲ್ಲಿದ್ದ ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. ‘ಮಕ್ಕಳಿಗೆ ನೀರು ಒಯ್ಯುತ್ತದೆ, ಸುಮ್ಮನಿರು’ ಎಂದರು. ಕುರಿ ಕಾಯುತ್ತಿದ್ದ ಮನೆಯಲ್ಲಿ ಹುಟ್ಟಿ ಬೆಳೆದವರು ಅವರು, ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ.

ಈ ಸಂಗತಿಯನ್ನು ಪುಸ್ತಕದ ಜನ ನಂಬಲು ಎಷ್ಟು ಕಾಲ ಹಿಡಿಯಿತೆಂದು ಆಮೇಲೆ ಮಗಳಿಂದ ತಿಳಿಯಿತು. ಇಂಗ್ಲೆಂಡಿನ ಎಡ್ಮಂಡ್ ಮೀಡ್-ವಾಲ್ಡೋ ಎಂಬವರು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು 1896ರಲ್ಲಿ ಬರೆದರಂತೆ. ಹಲವರು ಒಪ್ಪಲಿಲ್ಲ. 1967ರಲ್ಲಿ ಟಾಮ್ ಕೇಡ್ ಮತ್ತು ಗಾರ್ಡನ್ ಮಕ್ಲೀನ್ ಆಫ್ರಿಕಾದ ಕಲಹಾರಿಯಲ್ಲಿ ಇದರ ದಾಯಾದಿಯಾದ ನಮಾಕ್ವಾ ಸ್ಯಾಂಡ್‌ಗ್ರೌಸ್ ಹಕ್ಕಿಯನ್ನು ಕಣ್ಣಾರೆ ನೋಡಿ ಬರೆದ ಮೇಲೆ ಅನುಮಾನ ಹೋಯಿತು. ಹೊಟ್ಟೆಯ ಗರಿಯ ಎಳೆಗಳು ಒಣಗಿದ್ದಾಗ ಸುರುಳಿ ಸುತ್ತಿ ಮಲಗಿರುತ್ತವೆ. ನೀರು ತಾಗಿದೊಡನೆ ಸುರುಳಿ ಬಿಚ್ಚಿ ನೆಟ್ಟಗೆ ನಿಂತು, ಒತ್ತಾದ ಕುಂಚದಂತೆ ನಡುವೆ ನೀರನ್ನು ಹಿಡಿದುಕೊಳ್ಳುತ್ತವೆ. ಲೋರ್ನಾ ಗಿಬ್ಸನ್ ಮತ್ತು ಯೋಖೆನ್ ಮ್ಯೂಲರ್ 2023ರಲ್ಲಿ ಆ ಗರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಹಕ್ಕಿ ತನ್ನ ತೂಕದ ಶೇ 15ರಷ್ಟು ನೀರನ್ನು ಹೀಗೆ ಹೊರಬಲ್ಲದು. ಗರಿಯಲ್ಲಿ ಎಣ್ಣೆಯ ಪಸೆ ಉಳಿದಿದ್ದರೆ ನೀರು ನಿಲ್ಲುವುದಿಲ್ಲ. ಒಣ ಮರಳು ಹಾಸಿ ಎಂದು ನಾನು ಹೇಳಿದ್ದು ಇದಕ್ಕಾಗಿ. ಗೂಡಿನತ್ತ ಹೋದ ತಂದೆ ನೆಟ್ಟಗೆ ನಿಂತು ಹೊಟ್ಟೆ ಒಡ್ಡುತ್ತದೆ, ಮರಿಗಳು ಅದರಡಿ ನುಗ್ಗಿ ಗರಿಯನ್ನು ಕೊಕ್ಕಿನಿಂದ ಎಳೆದು ಚೀಪುತ್ತವೆ.

ಗೂಡು ಎಂದೆ, ಗೂಡು ಇರುವುದೇ ಇಲ್ಲ. ನೆಲದಲ್ಲಿ ಅಂಗೈಯಷ್ಟು ತಗ್ಗು, ಅದರಲ್ಲಿ ಸಾಮಾನ್ಯವಾಗಿ ಮೂರು ಮೊಟ್ಟೆ. ಕೋಳಿಮೊಟ್ಟೆಯಂತೆ ಒಂದು ಕಡೆ ಚೂಪಲ್ಲ, ಎರಡು ತುದಿಯೂ ಒಂದೇ ರೀತಿ ಗುಂಡಗೆ. ಹಗಲು ಹೆಣ್ಣು ಕೂರುತ್ತದೆ, ರಾತ್ರಿ ಗಂಡು. ಬೇಸಿಗೆಯಲ್ಲಿ ಹರಗುವಾಗ, ಕುಂಟೆ ಹೊಡೆಯುವಾಗ ಎತ್ತಿನ ಕಾಲಡಿಯಿಂದ ಹಕ್ಕಿಯೊಂದು ಪಟ್ಟನೆ ಎದ್ದರೆ ಅಲ್ಲಿಯೇ ಎತ್ತು ನಿಲ್ಲಿಸಿ. ಕಾಲೆತ್ತುವ ಮೊದಲು ನೆಲ ನೋಡಿ. ಮೊಟ್ಟೆ ಸಿಕ್ಕಿದರೆ ಸುತ್ತ ಹತ್ತು ಅಡಿ ಬಿಟ್ಟು ಬಳಸಿಕೊಂಡು ಹೋಗಿ. ಗುರುತಿಗೆ ಬಟ್ಟೆ ಕಟ್ಟಿದ ಕೋಲು ನೆಡಬೇಡಿ, ಕಾಗೆಗೆ ಅದೇ ದಾರಿ ತೋರಿಸುತ್ತದೆ. ಹತ್ತು ಹೆಜ್ಜೆ ಆಚೆ ಒಂದರ ಮೇಲೊಂದು ಎರಡು ಕಲ್ಲು ಇಡಿ, ನಿಮಗೆ ನೆನಪಿದ್ದರೆ ಸಾಕು. ಮಧ್ಯಾಹ್ನವಾದರೆ ಆ ಕಡೆಯ ಕೆಲಸವನ್ನೇ ಬಿಟ್ಟು ದೂರ ಸರಿಯಿರಿ. ಕಾದ ನೆಲದ ಮೇಲೆ ತಾಯಿಯ ನೆರಳಿಲ್ಲದೆ ಮೊಟ್ಟೆ ಬೇಯಲು ಹೆಚ್ಚು ಹೊತ್ತು ಬೇಡ. ಒಮ್ಮೆ ನಾನು ಕನಿಕರಪಟ್ಟು ಮೊಟ್ಟೆಯ ಮೇಲೆ ನೆರಳಿಗೆಂದು ಬುಟ್ಟಿಯನ್ನು ಓರೆಯಾಗಿಟ್ಟು ಬಂದೆ. ಹೆಣ್ಣು ಬಂದು, ದೂರದಲ್ಲಿ ಸುತ್ತಾಡಿ, ಬುಟ್ಟಿಗೆ ಹೆದರಿ ಹೊರಟುಹೋಯಿತು. ಸಂಜೆ ಬುಟ್ಟಿ ತೆಗೆದರೂ ಮತ್ತೆ ಕೂರಲಿಲ್ಲ. ಮೂರು ಮೊಟ್ಟೆ ಹಾಳಾದವು. ಅಂದಿನಿಂದ ಮೊಟ್ಟೆ ಕಂಡರೆ ನಾನು ಮಾಡುವುದು ಒಂದೇ, ಅಲ್ಲಿಂದ ಹೋಗುವುದು. ಮೊಬೈಲಿನಲ್ಲಿ ಫೋಟೊ ತೆಗೆದು ಊರಿಗೆಲ್ಲ ಕಳಿಸುವುದೂ ಬೇಡ. ಮೂರು ವಾರದ ಆಸುಪಾಸಿನಲ್ಲಿ ಮರಿ ಹೊರಬಂದು, ಬಂದ ದಿನವೇ ತಾಯಿ ತಂದೆಯ ಹಿಂದೆ ನಡೆದು ಕಾಳು ಹೆಕ್ಕತೊಡಗುತ್ತದೆ. ಒಂಟಿ ಮರಿ ಕಂಡರೆ ಅನಾಥವೆಂದು ಮನೆಗೆ ತರಬೇಡಿ. ತಂದೆ ನೀರಿಗೆ ಹೋಗಿರುತ್ತದೆ.

ಔಷಧಿಯ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಸಿಂಪಡಣೆಯ ಟ್ಯಾಂಕನ್ನು ಈ ದಂಡೆಯ ಹತ್ತಿರ ತೊಳೆಯುವುದಿರಲಿ, ತರಲೂ ಬಾರದು. ಬಿತ್ತನೆಯ ಸಮಯದಲ್ಲಿ ಬೀಜೋಪಚಾರ ಮಾಡಿದ ಸಜ್ಜೆ, ಹೆಸರು ಹೊಲದ ತುದಿಯಲ್ಲಿ ಕೂರಿಗೆ ತಿರುಗಿಸುವಾಗ ಚೆಲ್ಲುತ್ತವೆ. ಬಣ್ಣ ಹಚ್ಚಿದ ಆ ಕಾಳು ಮೇಲೆಯೇ ಬಿದ್ದಿದ್ದರೆ ಮೊದಲು ತಿನ್ನುವುದು ನೆಲದ ಹಕ್ಕಿಗಳೇ. ಚೆಲ್ಲಿದ ಕಡೆ ಕಾಲಿನಿಂದ ಮಣ್ಣೆಳೆದು ಮುಚ್ಚಿ, ಉಳಿದದ್ದನ್ನು ಗುಂಡಿ ತೋಡಿ ಹುಗಿಯಿರಿ.

ನೀರಿಗೆ ಹಕ್ಕಿ ಬರುವ ಸುದ್ದಿ ಬಲೆ ಹಾಕುವವರಿಗೂ ತಲುಪುತ್ತದೆ. ದಂಡೆಯ ಸುತ್ತ ನೈಲಾನ್ ದಾರದ ಉರುಳು ಕಂಡರೆ ಕಿತ್ತು ಸುಟ್ಟುಬಿಡಿ, ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಕ್ಕಿಯನ್ನು ಹಿಡಿಯುವುದೂ ಮೊಟ್ಟೆ ತೆಗೆಯುವುದೂ ಅಪರಾಧ. ನಮ್ಮಲ್ಲಿ ಒಬ್ಬ ಹುಡುಗ ಉರುಳು ಇಟ್ಟಿದ್ದ. ಅವನನ್ನು ಬೈಯಲಿಲ್ಲ. ಮರುದಿನ ಬೆಳಗ್ಗೆ ಕರೆದುಕೊಂಡು ಹೋಗಿ ಕಂಬಳಿಯ ಅರ್ಧವನ್ನು ಅವನಿಗೆ ಹೊದಿಸಿ ಕೂರಿಸಿದೆ. ಗಂಡುಹಕ್ಕಿ ನೀರಿನಲ್ಲಿ ಕೂತು ಹೊಟ್ಟೆ ನೆನೆಸಿಕೊಳ್ಳುವುದನ್ನು ಅವನೂ ನೋಡಿದ. ಈಗ ಬೇಸಿಗೆಯಲ್ಲಿ ನಾನು ಊರಲ್ಲಿಲ್ಲದ ದಿನ ನಾಲ್ಕು ಕೊಡ ಹೊರುವವನು ಅವನೇ.

ರೋಹಿಣಿ ಮಳೆ ಬಿದ್ದು ಹಳ್ಳದ ಗುಂಡಿಗಳಲ್ಲಿ ನೀರು ನಿಂತ ಮೇಲೆ ಹಿಂಡು ಚದುರಿಹೋಗುತ್ತದೆ. ಆಗ ನೀರು ಹಾಕುವುದನ್ನು ನಿಲ್ಲಿಸಿ. ದಂಡೆಯ ಮೇಲೆ ಬಿತ್ತಬೇಡಿ, ಕುಂಟೆ ಹಾಯಿಸಬೇಡಿ, ಹುಲ್ಲು ಬೆಳೆದರೆ ಬೆಳೆಯಲಿ. ಅದರ ಬೀಜವನ್ನು ಅವೇ ತಿನ್ನುತ್ತವೆ. ಮುಂದಿನ ಜಾತ್ರೆಯ ಹೊತ್ತಿಗೆ ಹುಲ್ಲು ಕಿತ್ತು, ಬಿರುಕಿಗೆ ಹೂಳು ತುಂಬಿ, ಮತ್ತೊಮ್ಮೆ ಕುರಿ ತುಳಿಸಿದರೆ ಹಳೆಯ ದಂಡೆಯೇ ಸಾಕಾಗುತ್ತದೆ. ನಮ್ಮದು ಹೀಗೆ ಏಳು ಬೇಸಿಗೆ ಕಂಡಿದೆ.